ಗಿನಿ ಪಿಗ್ ಗೂಡಿಗೆ ರಾತ್ರಿ ದೀಪ ಬೇಕಾ? ನಾನು ಮಾಡಿ ನೋಡಿದ್ದು

ನಮ್ಮ ಮನೆಯಲ್ಲಿ ಗಿನಿ ಪಿಗ್ ಇವೆ, ಮೊಲಕ್ಕಿಂತ ಚಿಕ್ಕ, ಹುಲ್ಲು ತಿನ್ನುವ ಸಾಕುಪ್ರಾಣಿ. ರಾತ್ರಿ ಹತ್ತರ ಮೇಲೆ ಅವುಗಳ ಕೋಣೆಯಲ್ಲಿ ಒಂದು ದೀಪವೂ ಇರುವುದಿಲ್ಲ. ಜೀರೋ ಬಲ್ಬೂ ಇಲ್ಲ. ಇದನ್ನು ಮೊದಲು ಹೇಳಿದಾಗ ಸಾಕುವವರಲ್ಲೇ ಎಷ್ಟೋ ಜನ ನಕ್ಕರು. ಕತ್ತಲಲ್ಲಿ ಹೆದರಿ ಸಾಯುತ್ತವೆ ಅಂದವರಿದ್ದಾರೆ. ಇಲಿ ಬಂದು ಕಚ್ಚುತ್ತೆ ಅಂದವರಿದ್ದಾರೆ. ನಮ್ಮತ್ತೆಯಂತೂ "ಬಾಯಿಲ್ಲದ ಜೀವ ಅಂತ ಹೀಗೆ ಕತ್ತಲಲ್ಲಿ ಕೂಡಿ ಹಾಕೋದೇನಮ್ಮಾ?" ಅಂತ ವಾರಗಟ್ಟಲೆ ಗೊಣಗಿದರು. ಈಗ ಒಂದೂವರೆ ವರ್ಷದ ಮೇಲಾಯಿತು. ಎಲ್ಲವೂ ತೂಕ ಹಿಡಿದುಕೊಂಡು ಚೆನ್ನಾಗಿವೆ. ನಕ್ಕವರಲ್ಲಿ ಇಬ್ಬರು ಮೂವರು ಫೋನ್ ಮಾಡಿ "ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ" ಅಂತ ಕೇಳಿದ್ದಾರೆ. ಪ್ರತಿ ಸಲ ಫೋನಲ್ಲಿ ಹೇಳುವುದಕ್ಕಿಂತ ಬರೆದುಬಿಡೋಣ ಅನ್ನಿಸಿತು.

ಗೂಡಿನ ಅಳತೆ, ವಿಟಮಿನ್ ಸಿ, ಅವು ಅಡಗಿ ಕೂರುವ ಎರಡು ಬಾಗಿಲಿನ ಡಬ್ಬ ಇವೆಲ್ಲ ನಿಮಗೆ ಗೊತ್ತಿರುವುದೇ. ಅದಕ್ಕೆ ಕೈ ಹಾಕುವುದಿಲ್ಲ.

ನಮ್ಮ ಮನೆ ಮೈಸೂರಲ್ಲಿ. ಅಡುಗೆಮನೆ ಹಿಂದಿನ ಸಣ್ಣ ಕೋಣೆಯಲ್ಲಿ ಗೂಡು. ಶುರುವಿಗೆ ಇದ್ದದ್ದು ನಾಲ್ಕು. ಅದರಲ್ಲಿ ಒಂದು ಪೂರ್ತಿ ಬಿಳಿ, ಗುಲಾಬಿ ಕಣ್ಣು. ಹೆಸರು ಅವಲಕ್ಕಿ. ಬಾತ್‌ರೂಮಿಗೆ ಹೋಗುವ ದಾರಿಯೂ ಅದೇ ಕೋಣೆ, ಹಾಗಾಗಿ 9 ವ್ಯಾಟಿನ ಎಲ್ಇಡಿ ರಾತ್ರಿಯಿಡೀ ಉರಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ರಾತ್ರಿ ಹಾಕಿದ ಒಣಹುಲ್ಲಿನಲ್ಲಿ ಅರ್ಧ ಹಾಗೇ ಬಿದ್ದಿರುತ್ತಿತ್ತು. ಟಿಮೋಥಿ ಅನ್ನೋ ಈ ಒಣಹುಲ್ಲು ಆಗ ಕಿಲೋಗೆ ಐನೂರು ಆರುನೂರು. ಒಂದು ಸಲ ಒದ್ದೆಯಾದ ಹುಲ್ಲನ್ನು ಅವು ಮುಟ್ಟುವುದೂ ಇಲ್ಲ. ತಿಂಗಳಿಗೆ ಮುನ್ನೂರು ರೂಪಾಯಿ ಹುಲ್ಲು ಕಸಕ್ಕೆ ಹೋಗುತ್ತಿತ್ತು ಅಂತ ಇಟ್ಟುಕೊಳ್ಳಿ. ದುಡ್ಡಿಗಿಂತ ಹೆಚ್ಚಿಗೆ ಚಿಂತೆ ಆಗಿದ್ದು ಹೊಟ್ಟೆಯದು. ಇವುಗಳ ಹೊಟ್ಟೆ ಹಗಲೂ ರಾತ್ರಿ ಓಡುತ್ತಲೇ ಇರಬೇಕು, ನಿಂತರೆ ಕಥೆ ಮುಗಿದ ಹಾಗೆ. ಅವಲಕ್ಕಿಯಂತೂ ದೀಪ ಇದ್ದಷ್ಟು ಹೊತ್ತೂ ಡಬ್ಬ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಗುಲಾಬಿ ಕಣ್ಣಿನವಕ್ಕೆ ಜೋರು ಬೆಳಕು ಚುಚ್ಚುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ದೊಡ್ಡ ದೀಪ ತೆಗೆದು ನೀಲಿ ಜೀರೋ ಬಲ್ಬ್ ಹಾಕಿದೆ. ಅರ್ಧ ವ್ಯಾಟಿನದು, ಮೂವತ್ತು ರೂಪಾಯಿ ಇರಬೇಕು. ನಮಗೆ ತಂಪಾಗಿ ಕಾಣುವ ನೀಲಿ ಅವಕ್ಕೆ ತಂಪಲ್ಲ. ಇವುಗಳ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶ ಎರಡೇ ಬಗೆ. ಒಂದು ನೀಲಿ ಕಡೆಗೆ, ಸುಮಾರು 429 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ). ಇನ್ನೊಂದು ಹಸಿರು ಕಡೆಗೆ, 529ರ ಹತ್ತಿರ. ಅಂದರೆ ನೀಲಿ ಬಲ್ಬು ಹಾಕಿದರೆ ಅವಕ್ಕೆ ಚೆನ್ನಾಗಿ ಕಾಣುವ ಬಣ್ಣವನ್ನೇ ಹುಡುಕಿ ಹಾಕಿದ ಹಾಗೆ. ಹಸಿರು ಬಲ್ಬೂ ಅಷ್ಟೇ. ಮೇಲಿಂದ ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಈಸಲು ಹುಳ ಆ ಬಲ್ಬಿಗೆ ಮುತ್ತಿದವು. ಬೆಳಿಗ್ಗೆ ಹುಲ್ಲಿನ ತುಂಬ ರೆಕ್ಕೆ. ಹುಳ ತಿನ್ನೋಕೆ ಬಂದ ಹಲ್ಲಿಗಳ ಹಿಕ್ಕೆ ಬೇರೆ.

ಆಮೇಲೆ ಪೆಟ್ ಶಾಪಿನವರ ಮಾತು ಕೇಳಿ ಕೆಂಪು ಬಲ್ಬ್ ತಂದೆ. "ಮೇಡಂ, ಇದು ಪ್ರಾಣಿಗಳಿಗೆ ಕಾಣೋದೇ ಇಲ್ಲ, ಫಾರಿನ್‌ನಲ್ಲಿ ಎಲ್ಲರೂ ಇದನ್ನೇ ಹಾಕೋದು" ಅಂದರು. ಏಳುನೂರು ರೂಪಾಯಿ. ಮನೆಗೆ ಬಂದು ಬಲ್ಬಿನ ಡಬ್ಬದ ಮೇಲೆ ಓದಿದರೆ ಅದು ಹಲ್ಲಿ, ಆಮೆ ಸಾಕುವವರು ಶಾಖಕ್ಕೆ ಹಾಕುವ ಬಲ್ಬು. 75 ವ್ಯಾಟ್. ಏಪ್ರಿಲ್ ತಿಂಗಳು ಬೇರೆ. ಗೂಡಲ್ಲಿ ಇಟ್ಟಿದ್ದ ಥರ್ಮಾಮೀಟರ್ ಗಂಟೆಯೊಳಗೆ 33 ಡಿಗ್ರಿ ತೋರಿಸಿತು. ಗಿನಿ ಪಿಗ್‌ಗೆ 28 ದಾಟಿದರೇ ಕಷ್ಟ. ಎಲ್ಲವೂ ಹೊಟ್ಟೆ ನೆಲಕ್ಕೆ ಹಾಕಿ ಉದ್ದ ಮಲಗಿದ್ದವು. ಅವತ್ತೇ ತೆಗೆದು ಅಟ್ಟಕ್ಕೆ ಎಸೆದೆ. ಬಣ್ಣದ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದಕ್ಕೆ ಮುಂದೆ ಬರ್ತೀನಿ.

ಗೂಡಿನ ಮೇಲೆ ಬೆಡ್‌ಶೀಟ್ ಹೊದಿಸುವುದನ್ನೂ ಮಾಡಿದೆ. ಕತ್ತಲೇನೋ ಆಯಿತು. ಬೆಳಿಗ್ಗೆ ತೆಗೆದರೆ ಮೂಗಿಗೆ ಹೊಡೆಯುವ ಉಚ್ಚೆ ವಾಸನೆ. ಆ ಗಾಳಿಯಲ್ಲಿ ರಾತ್ರಿಯಿಡೀ ಉಸಿರಾಡಿದರೆ ಶ್ವಾಸಕೋಶ ಹಾಳು. ನೀವು ಯಾರಾದರೂ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಇಷ್ಟು ಹೊತ್ತಿಗೆ ಸಿಟ್ಟು ಬಂದು ಒಂದು ಸ್ಮಾರ್ಟ್ ಬಲ್ಬ್ ತರಿಸಿದೆ. ಇನ್ನೊಂದು ಏಳುನೂರು. ಬಣ್ಣ ಬದಲಿಸುತ್ತೆ, ಫೋನಲ್ಲೇ ಬೆಳಕು ಇಳಿಸಬಹುದು, ಗಂಟೆ ಹೊಂದಿಸಬಹುದು. ಮೂರ್ನಾಲ್ಕು ದಿನ ಎಷ್ಟು ಚೆನ್ನಾಗಿತ್ತು ಅಂದರೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ರಾತ್ರಿ ಕರೆಂಟ್ ಹೋಯಿತು. ಎರಡು ಗಂಟೆ ಸುಮಾರಿಗೆ ಬಂತು. ಈ ಬಲ್ಬುಗಳಲ್ಲಿ ಬಹಳಷ್ಟಕ್ಕೆ ಒಂದು ಗುಣ ಇದೆ: ಆಫ್ ಮಾಡಿಟ್ಟಿದ್ದರೂ ಕರೆಂಟ್ ಹೋಗಿ ಬಂದರೆ ಪೂರ್ತಿ ಬಿಳಿ ಬೆಳಕಲ್ಲಿ ಹತ್ತಿಕೊಳ್ಳುತ್ತವೆ. ದಡಬಡ ಸದ್ದಿಗೆ ಎದ್ದು ಓಡಿ ಬಂದೆ. ನಾಲ್ಕೂ ಗೂಡಿನ ಸುತ್ತ ಸುತ್ತು ಹೊಡೆಯುತ್ತಿವೆ. ಕಡ್ಲೆ ಅನ್ನೋ ಹೆಣ್ಣು ಜಾಲರಿಗೆ ಮೂಗು ಬಡಿದುಕೊಂಡು ರಕ್ತ. ಬೆಳಿಗ್ಗೆ ಡಾಕ್ಟರ ಹತ್ತಿರ ಓಡಿದೆ, ನಾನೂರು ಐನೂರು ಅಲ್ಲಿ. ಕೆಲವು ಬಲ್ಬುಗಳ ಆಪ್‌ನಲ್ಲಿ ಕರೆಂಟ್ ಬಂದಾಗ ಏನಾಗಬೇಕು ಅಂತ ಹೊಂದಿಸುವ ಜಾಗ ಇರುತ್ತೆ. ನನ್ನದರಲ್ಲಿ ಇರಲಿಲ್ಲ. ಆ ಬಲ್ಬ್ ಈಗ ದೇವರ ಮನೆಯಲ್ಲಿದೆ.

ಅಲ್ಲೇ ನನಗೆ ವಿಷಯ ಹೊಳೆದದ್ದು. ನಾವೆಲ್ಲ ಬೆಳಕು ಎಷ್ಟಿರಬೇಕು, ಯಾವ ಬಣ್ಣ ಇರಬೇಕು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಅವಕ್ಕೆ ತೊಂದರೆ ಕೊಡುವುದು ಬೆಳಕು ಫಕ್ಕನೆ ಬದಲಾಗುವುದು. ಬಯಲಲ್ಲಿ ಸಂಜೆ ನಿಧಾನಕ್ಕೆ ಇಳಿಯುತ್ತೆ, ಬೆಳಗು ನಿಧಾನಕ್ಕೆ ಹರಿಯುತ್ತೆ. ಇವು ಚುರುಕಾಗಿ ಓಡಾಡಿ ಮೇಯುವ ಹೊತ್ತೂ ಅದೇ. ಮನೆಯಲ್ಲಿ ನಾವು ಟಕ್ ಅಂತ ಸ್ವಿಚ್ ಹಾಕಿ ಆ ಎರಡು ಹೊತ್ತನ್ನೂ ಕಿತ್ತುಕೊಂಡಿರುತ್ತೇವೆ.

ಹಾಗಾಗಿ ನಾನು ಸಂಜೆಯನ್ನು ಉದ್ದ ಮಾಡಿದೆ, ರಾತ್ರಿಯನ್ನು ಪೂರ್ತಿ ಕತ್ತಲು ಮಾಡಿದೆ.

ತಂದಿದ್ದು ಒಂದು ಮೀಟರ್ ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಎಲ್ಇಡಿ ಸ್ಟ್ರಿಪ್, 12 ವೋಲ್ಟ್ ಅಡಾಪ್ಟರ್, ಬೆಳಕು ಏರಿಸಿ ಇಳಿಸೋಕೆ ತಿರುಗಿಸುವ ಗುಂಡಿ ಇರುವ ಡಿಮ್ಮರ್. ಎಲ್ಲ ಸೇರಿ ನಾನೂರೈವತ್ತು ಚಿಲ್ಲರೆ. ಸ್ಟ್ರಿಪ್ಪನ್ನು ಗೂಡಿನ ಕಡೆ ತಿರುಗಿಸಿಲ್ಲ. ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಅಂಟಿಸಿದ್ದೇನೆ. ಗೋಡೆಗೆ ಬಿದ್ದ ಬೆಳಕು ಚೆಲ್ಲಿ ಬರುತ್ತೆ, ದೀಪ ಕಣ್ಣಿಗೆ ಕಾಣುವುದಿಲ್ಲ. ವೈರ್ ಪೂರ್ತಿ ಪಿವಿಸಿ ಪಟ್ಟಿಯೊಳಗೆ. ಸಿಕ್ಕಿದ್ದನ್ನೆಲ್ಲ ಕಡಿಯುವ ಇವುಗಳ ಹಲ್ಲಿನ ವಿಷಯ ನಿಮಗೆ ಹೇಳಬೇಕಾ?

ಎಂಟು ಗಂಟೆಗೆ ಸೊಪ್ಪು, ಕ್ಯಾಪ್ಸಿಕಂ ಕೊಡುವಾಗಲೇ ಸ್ಟ್ರಿಪ್ ಹಚ್ಚಿ ಆಮೇಲೆ ದೊಡ್ಡ ದೀಪ ಆರಿಸುತ್ತೇನೆ. ಈ ಕ್ರಮ ತಪ್ಪಬಾರದು. ಒಂಬತ್ತಕ್ಕೆ ಗುಂಡಿ ಅರ್ಧಕ್ಕೆ. ಒಂಬತ್ತೂವರೆಗೆ ಕಾಲು ಭಾಗಕ್ಕೆ, ಆಗ ರಾತ್ರಿಯ ಹುಲ್ಲು ಹಾಕುವುದು. ಹತ್ತಕ್ಕೆ ಪೂರ್ತಿ ಆಫ್, ಗೋಡೆ ಸ್ವಿಚ್ ಕೂಡ ಆಫ್. ಕರೆಂಟ್ ಹೋಗಲಿ ಬರಲಿ, ಏನೂ ಹತ್ತುವುದಿಲ್ಲ. ಈಗ ಇದು ತಾನಾಗಿ ಇಳಿಯುವ ಹಾಗೆ ಮಾಡಿಸಿಕೊಂಡಿದ್ದೇನೆ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ "ಅಕ್ಕಾ, ಇದನ್ನ ಯಾರಿಗೂ ಹೇಳ್ಬೇಡಿ, ನಾನು ಮಾಡಿ ಮಾರ್ತೀನಿ" ಅಂದಿದ್ದಾನೆ. ಅದಕ್ಕೆ ಅದು ಹೇಗೆ ಅನ್ನೋದೊಂದನ್ನು ಇಲ್ಲಿ ಬರೆಯದೆ ಬಿಟ್ಟಿದ್ದೇನೆ. ಕೈಯಲ್ಲೇ ತಿರುಗಿಸಿದರೂ ಕೆಲಸ ನಡೆಯುತ್ತೆ.

ಮೊದಲು ತಂದ ಡಿಮ್ಮರ್ ಬೆಳಕು ಇಳಿಸಿದಾಗ ಸಣ್ಣಗೆ ಕೀ ಅನ್ನುತ್ತಿತ್ತು. ನನಗೆ ಕಿವಿ ಹತ್ತಿರ ಹಿಡಿದರೆ ಮಾತ್ರ ಕೇಳಿಸುತ್ತಿತ್ತು. ಆದರೆ ಇವು ನಮಗೆ ಕೇಳಿಸದ ಎಷ್ಟೋ ಮೇಲಿನ ಸದ್ದನ್ನೂ ಕೇಳುತ್ತವೆ. ಉದ್ದ ವೈರ್ ಎಳೆದು ಡಿಮ್ಮರನ್ನು ಅಡುಗೆಮನೆಗೆ ತಂದ ಮೇಲೆ ಕಿವಿ ನಿಮಿರಿಸುವುದು ಕಮ್ಮಿ ಆಯಿತು.

ಇಷ್ಟಾದ ಮೇಲೂ ಬೀದಿ ದೀಪ ಉಳಿಯಿತು. ಮುಂಚೆ ಹಳದಿ ದೀಪ ಇತ್ತು, ಆಮೇಲೆ ಬಿಳಿ ಎಲ್ಇಡಿ ಬಂತು, ಬೆಳಕು ನೇರ ಗೂಡಿನ ಮೇಲೆ. ಕಪ್ಪು ಚಾರ್ಟ್ ಪೇಪರ್ ಎರಡು ಹಾಳೆ ಕಿಟಕಿ ಗಾಜಿಗೆ ಅಂಟಿಸಿದೆ, ಮೂವತ್ತು ರೂಪಾಯಿ. ಮೇಲಿನ ಒಂದು ಅಡಿ ಗಾಳಿಗೆ ಬಿಟ್ಟಿದ್ದೇನೆ. ಅಲ್ಲಿಂದ ಬರುವ ಬೆಳಕು ಚಾವಣಿಗೆ ಬೀಳುತ್ತೆ, ಗೂಡಿಗಲ್ಲ.

ರಾತ್ರಿ ನೋಡಲೇಬೇಕಾದಾಗ? ಇಲ್ಲಿ ಬಂತು ಕೆಂಪು. ಸಣ್ಣ ಟಾರ್ಚಿನ ಮುಖಕ್ಕೆ ಸ್ಟೇಷನರಿ ಅಂಗಡಿಯ ಕೆಂಪು ಜಿಲೆಟಿನ್ ಪೇಪರ್ ಮಡಚಿ ಕಟ್ಟಿದೆ. ಒಂದೇ ಪದರ ಹಾಕಿದರೆ ಬೇರೆ ಬಣ್ಣವೂ ಸೋರುತ್ತೆ, ಮೂರು ಪದರ ಬೇಕು. ಮಂದ ಕೆಂಪು ಬೆಳಕು ಅವಕ್ಕೆ ಹೆಚ್ಚುಕಮ್ಮಿ ಕತ್ತಲೇ. ಜೋರಾದ ಕೆಂಪು ಹಾಗಲ್ಲ, ಅದು ಕಾಣುತ್ತೆ. ಬಾಗಿಲು ತೆಗೆಯುವ ಮುಂಚೆ ಯಾವಾಗಲೂ "ಬಂದೆ ಬಂದೆ" ಅಂತ ಮೆಲ್ಲಗೆ ಹೇಳಿ ಒಳಗೆ ಹೋಗುತ್ತೇನೆ. ಸದ್ದಿಲ್ಲದೆ ಹೋದರೆ ಬೆಳಕಿಲ್ಲದಿದ್ದರೂ ಬೆಚ್ಚುತ್ತವೆ.

ಇದೆಲ್ಲ ನಿಜವಾಗಿ ಕೆಲಸ ಮಾಡ್ತಾ ಇದೆಯಾ ಅಂತ ತಿಳಿಯೋಕೆ ತಮ್ಮನ ಹತ್ತಿರ ಕತ್ತಲಲ್ಲೂ ಚಿತ್ರ ಹಿಡಿಯುವ ಇನ್‌ಫ್ರಾರೆಡ್ ಕ್ಯಾಮೆರಾ ಸಾಲ ತಂದೆ. ಕೊಂಡರೆ ಆಗ ಎರಡು ಸಾವಿರ. ಮೊದಲ ಸಲ ನೋಡಿ ಕೂತಲ್ಲೇ ಕೂತುಬಿಟ್ಟೆ. ಬೆಳಕು ಕಾಲು ಭಾಗಕ್ಕೆ ಬಂದ ಸ್ವಲ್ಪ ಹೊತ್ತಿಗೆ ಅವಲಕ್ಕಿಯ ಮೂಗು ಡಬ್ಬದ ಬಾಗಿಲಿಗೆ ಬಂತು. ಮೀಸೆ ಮುಂದಕ್ಕೆ ಬಾಗಿತು. ಒಂದು ಮುಂಗಾಲು ಹೊರಗೆ, ಮತ್ತೆ ಒಳಗೆ. ಆಮೇಲೆ ಪೂರ್ತಿ ಹೊರಗೆ ಬಂದು ಹುಲ್ಲಿನ ಒಂದು ಉದ್ದ ಎಳೆ ತುದಿ ಹಿಡಿಯಿತು. ಶಾರ್ಪನರ್‌ಗೆ ಪೆನ್ಸಿಲ್ ಹೋದ ಹಾಗೆ ಎಳೆ ಸರಸರ ಒಳಗೆ ಹೋಯಿತು. ಹಗಲಲ್ಲಿ ನಾನು ಅದು ಹಾಗೆ ನಿಂತು ತಿಂದದ್ದು ನೋಡಿಯೇ ಇರಲಿಲ್ಲ. ದೀಪ ಪೂರ್ತಿ ಆರಿದ ಮೇಲೂ ಎಲ್ಲವೂ ಸ್ವಲ್ಪ ಸ್ವಲ್ಪ ಹೊತ್ತು ತೂಕಡಿಸುವುದು, ಏಳುವುದು, ತಿನ್ನುವುದು. ನಮ್ಮ ಹಾಗೆ ಒಂದೇ ನಿದ್ದೆ ಅಲ್ಲ. ರಾತ್ರಿ ನೂರೈವತ್ತು ಗ್ರಾಂ ಹಾಕಿದರೆ ಬೆಳಿಗ್ಗೆ ಒಂದು ಹಿಡಿ ಉಳಿದರೆ ಹೆಚ್ಚು. ಹುಲ್ಲಿನ ಜೊತೆ ಒಂದು ಒಣಸೊಪ್ಪು ಸೇರಿಸುತ್ತೇನೆ, ನಿಜ. ಅದು ಯಾವುದು ಅಂತ ನನ್ನ ಹತ್ತಿರ ಮರಿ ಕೊಂಡವರಿಗೆ ಮಾತ್ರ ಹೇಳುವುದು!

ಅದೇ ಕ್ಯಾಮೆರಾದಲ್ಲಿ ಇಲಿಯೂ ಸಿಕ್ಕಿತು. ಬೆಳಗಿನ ಜಾವ ಬಂದು ಪೆಲೆಟ್ (ಒತ್ತಿ ಮಾಡಿದ ಒಣ ತಿನಿಸು) ಬಟ್ಟಲಿಗೆ ಕೈ ಹಾಕುತ್ತಿತ್ತು. ದೀಪ ಇದ್ದರೆ ಇಲಿ ಬರಲ್ಲ ಅನ್ನುವವರಿಗಾಗಿ ಮತ್ತೆ ನಾಲ್ಕು ರಾತ್ರಿ ದೀಪ ಹಚ್ಚಿಟ್ಟೆ. ಆಗಲೂ ಬಂತು. ರಾತ್ರಿ ಪೆಲೆಟ್ ಎತ್ತಿಡುವುದು, ಗೂಡಿಗೆ ಕಾಲಿಂಚಿನ ಕಿಂಡಿಯ ವೆಲ್ಡ್ ಮೆಶ್ (ತಂತಿ ಜಾಲರಿ) ಹಾಕುವುದು, ಇವೆರಡೇ ಮದ್ದು. ಅರ್ಧ ಇಂಚಿನದು ದೊಡ್ಡ ಇಲಿ ತಡೆಯೋಕೆ ಸಾಕು, ಸುಂಡಿಲಿ ತಡೆಯೋಕೆ ಸಾಲದು. ಮೆಶ್‌ಗೆ ಸಾವಿರದ ಹತ್ತಿರ ಆಯಿತು. ಇಡೀ ಲೆಕ್ಕದಲ್ಲಿ ಜಾಸ್ತಿ ಖರ್ಚು ಅದೇ, ಅದೂ ದೀಪಕ್ಕೆ ಸಂಬಂಧ ಇಲ್ಲದ್ದು.

ಕತ್ತಲಲ್ಲಿ ಇವು ಕಣ್ಣಿಗಿಂತ ಮೀಸೆ, ಮೂಗು, ನೆನಪು ನಂಬಿ ಓಡಾಡುತ್ತವೆ. ಅದಕ್ಕೆ ಸಂಜೆ ಹೊತ್ತು ಗೂಡಿನೊಳಗಿನ ಡಬ್ಬ, ಸಿಪ್ಪರ್ (ನೀರಿನ ಬಾಟಲಿ), ಬಟ್ಟಲು ಯಾವುದನ್ನೂ ಜಾಗ ಬದಲಿಸಬೇಡಿ. ಬದಲಿಸಬೇಕಾದರೆ ಬೆಳಿಗ್ಗೆಯೇ ಮುಗಿಸಿ. ಕಡ್ಲೆ ಮರಿ ಹಾಕಿದ್ದೂ ಪೂರ್ತಿ ಕತ್ತಲಲ್ಲೇ. ಮೂರು ಮರಿ. ಇವುಗಳ ಮರಿಗಳು ಕಣ್ಣು ಬಿಟ್ಟುಕೊಂಡೇ, ಮೈ ತುಂಬ ಕೂದಲಿಟ್ಟುಕೊಂಡೇ ಹುಟ್ಟುತ್ತವಲ್ಲ, ಬೆಳಿಗ್ಗೆ ನಾನು ನೋಡುವ ಹೊತ್ತಿಗೆ ಒಣಗಿ ತಾಯಿ ಹಿಂದೆ ಓಡಾಡುತ್ತಿದ್ದವು.

ಬೆಳಗಿಗೆ ಏನೂ ಮಾಡಿಲ್ಲ. ಚಾರ್ಟ್ ಪೇಪರಿನ ಮೇಲಿನ ಆ ಒಂದು ಅಡಿಯಿಂದ ಬೆಳಕು ತಾನಾಗಿ ಬರುತ್ತೆ. ಪರದೇಶದವರು ಚಳಿಗಾಲದಲ್ಲಿ ಹೆಚ್ಚುವರಿ ದೀಪ ಹಾಕಿ ಅಂತ ಬರೆಯುವುದನ್ನು ಇಲ್ಲಿ ಕುರುಡಾಗಿ ಪಾಲಿಸುವವರಿದ್ದಾರೆ. ಇಂಗ್ಲೆಂಡಿನ ಡಿಸೆಂಬರ್ ರಾತ್ರಿ 16 ಗಂಟೆ. ಮೈಸೂರಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ನಮಗೆ ಅದು ಬೇಕಾಗಿಲ್ಲ.

ದೀಪಾವಳಿ ಮೂರು ರಾತ್ರಿ ಮಾತ್ರ ನನ್ನ ಕ್ರಮ ಬೇರೆ. ಪೂರ್ತಿ ಕತ್ತಲಲ್ಲಿ ಪಟಾಕಿ ಮಿಂಚಿದರೆ ಜೋರಾಗಿ ಕಾಣುತ್ತೆ. ಆಗ ಸ್ಟ್ರಿಪ್ಪನ್ನು ಕಾಲು ಭಾಗದಲ್ಲೇ ಬೆಳಗಿನವರೆಗೆ ಬಿಡುತ್ತೇನೆ, ಡಬ್ಬದೊಳಗೆ ಹುಲ್ಲು ದಪ್ಪಗೆ ತುಂಬುತ್ತೇನೆ. ಹೋದ ವರ್ಷ ಒಂದೂ ದಿಕ್ಕೆಟ್ಟು ಓಡಲಿಲ್ಲ.

ಸ್ಟ್ರಿಪ್ ತರುವವರು ಅಂಗಡಿಯಲ್ಲಿ "ವಾರ್ಮ್ ವೈಟ್, 3000 ಕೆಲ್ವಿನ್" ಅಂತಲೇ ಕೇಳಿ, ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ಸುಮ್ನೆ ಬಿಳಿ ಸ್ಟ್ರಿಪ್ ಅಂದರೆ 6500ರದ್ದು ಕೈಗಿಟ್ಟು ಕಳಿಸುತ್ತಾರೆ. ಅದರಲ್ಲಿ ನೀಲಿ ಜಾಸ್ತಿ, ಗುಂಡಿ ಎಷ್ಟು ಇಳಿಸಿದರೂ ಪ್ರಯೋಜನ ಇಲ್ಲ. ವಾಪಸ್ಸೂ ತಗೊಳ್ಳಲ್ಲ.