ಪಹಣಿಯಲ್ಲಿ ಹೆಸರಿಲ್ಲದವರ ಕಂಪನಿ

ನಮ್ಮದು ಗದಗ ಕಡೆಯ ಹಳ್ಳಿ. ಹದಿನೆಂಟು ಹೆಣ್ಣುಮಕ್ಕಳು ಸೇರಿ, ಸ್ವಂತ ಹೊಲದ ಬಿಳಿಜೋಳದಿಂದ ಖಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಗೆ ಕಳಿಸುತ್ತಿದ್ದೆವು. ಅಂಗಡಿಯವರು ಬಿಲ್ ಕೇಳಲು ಶುರು ಮಾಡಿದಾಗ ನೋಂದಣಿಯ ಮಾತು ಬಂತು.

ಮೊದಲು ಮಾಡಿಸಿದ್ದು ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು, ಖರ್ಚೂ ಕಡಿಮೆ. ವರ್ಷದ ಕೊನೆಗೆ ಉಳಿದ ದುಡ್ಡು ಹಂಚಿಕೊಳ್ಳೋಣ ಅಂದಾಗ ಆಡಿಟರ್ ನಮ್ಮದೇ ಬೈಲಾ ತೆಗೆದು ತೋರಿಸಿದರು. ಸಂಘದ ಲಾಭ ಸದಸ್ಯರಿಗೆ ಹಂಚುವಂತಿಲ್ಲ! ಲಾಭಕ್ಕಲ್ಲದೆ ಸೇವೆಗಾಗಿ ಮಾಡುವ ಸೆಕ್ಷನ್ 8 ಕಂಪನಿಗೂ ಇದೇ ಕಟ್ಟು. ಶಾಲೆ, ಆಸ್ಪತ್ರೆ ನಡೆಸುವವರಿಗೆ ಅದು ಸರಿ. ನಮಗೆ ಬೇಕಿದ್ದದ್ದು ಒಲೆ ಮುಂದೆ ಕೂತವರೇ ಮಾಲೀಕರಾಗುವ ವ್ಯವಸ್ಥೆ. ವ್ಯಾಪಾರದ ಜೊತೆಗೆ ಜನರಿಗೂ ಒಳಿತು ಮಾಡುವ ‘ಸಾಮಾಜಿಕ ಉದ್ಯಮ’ಕ್ಕೆ ಅಂತ ನಮ್ಮ ದೇಶದಲ್ಲಿ ಬೇರೆ ಕಾನೂನೇ ಇಲ್ಲ, ಇರುವುದರಲ್ಲೇ ಆರಿಸಿಕೊಳ್ಳಬೇಕು. ಲಾಭ ಯಾರ ಕೈಗೆ ಹೋಗಬೇಕು ಅಂತ ಮೊದಲೇ ಕೂತು ಮಾತಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಸಹಕಾರ ಸಂಘದ್ದೇ ಇನ್ನೊಂದು ರೂಪವಾದ ಸೌಹಾರ್ದ ಸಹಕಾರಿಯನ್ನೂ ವಿಚಾರಿಸಿದೆವು. ಕೊನೆಗೆ ಒಪ್ಪಿಗೆಯಾಗಿದ್ದು ಉತ್ಪಾದಕರ ಕಂಪನಿ, ಅಂದರೆ ಬೆಳೆಯುವವರೇ ಸದಸ್ಯರೂ ಮಾಲೀಕರೂ ಆಗಿರುವ ಕಂಪನಿ. ಅದಕ್ಕೆ ಕನಿಷ್ಠ ಹತ್ತು ಜನ ಉತ್ಪಾದಕರು, ಕನಿಷ್ಠ ಐದು ನಿರ್ದೇಶಕರು ಬೇಕು. ಯಾರ ಹತ್ತಿರ ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಓಟು. ಈ ಒಂದು ಮಾತಿಗೇ ಎಲ್ಲರೂ ಕೈ ಎತ್ತಿದರು.

ಆದರೆ ಉತ್ಪಾದಕರು ಅನ್ನೋದಕ್ಕೆ ದಾಖಲೆ ಬೇಕಲ್ಲ. ಕಂಪನಿ ಶುರು ಮಾಡಲು ಸಹಿ ಹಾಕುವ ನಮ್ಮ ಹತ್ತು ಜನರಲ್ಲಿ ಪಹಣಿಯಲ್ಲಿ ಹೆಸರಿದ್ದದ್ದು ಇಬ್ಬರದು ಮಾತ್ರ. ಉಳಿದವರ ಹೊಲ ಗಂಡನ ಹೆಸರಲ್ಲಿ, ಇಲ್ಲವೇ ತೀರಿಹೋದ ಮಾವನ ಹೆಸರಲ್ಲಿ. ನಮ್ಮಲ್ಲಿ ಹಿರಿಯರೊಬ್ಬರು ಕೇಳಿದರು: “ಬಿತ್ತೋದು ನಾನು, ಕಳೆ ತಗಿಯೋದು ನಾನು. ಹೊಲ ನನ್ನ ಹೆಸರಿಗಿಲ್ಲ ಅಂದ್ರ ನಾ ರೈತ ಅಲ್ಲೇನ್ರಿ?” ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಇವರೇ ಬೇಸಾಯ ಮಾಡುತ್ತಾರೆ ಅಂತ ಗ್ರಾಮ ಆಡಳಿತಾಧಿಕಾರಿಗಳಿಂದ ಒಬ್ಬೊಬ್ಬರಿಗೂ ಪತ್ರ ಮಾಡಿಸಿದೆವು. ಅದು ನಡೆಯಿತು.

ಇನ್ನೊಂದು ತೊಡಕು ಹೆಸರಿನದು. ಹೆಸರಿನ ಕೊನೆಗೆ ಆಧಾರ್‌ನಲ್ಲಿ ‘ಅವ್ವ’, ಪ್ಯಾನ್‌ನಲ್ಲಿ ‘ಅಮ್ಮ’. ತಿದ್ದಿಸಲು ಎರಡು ತಿಂಗಳು ಹೋಯಿತು. ಇದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ.

ನಿರ್ದೇಶಕರಿಗೆ ಡಿಜಿಟಲ್ ಸಹಿ ಬೇಕು. ಅದಕ್ಕೆ ಫೋನಿನ ಕ್ಯಾಮೆರಾ ಮುಂದೆ ನಿಂತು ತಮ್ಮ ಹೆಸರು ಹೇಳಬೇಕು. ಕೆಳಗೆ ನೆಟ್‌ವರ್ಕ್ ಸಿಗದೆ ಮಾಳಿಗೆ ಹತ್ತಿದೆವು. ಅದೇ ಹಿರಿಯರು ಕೈಗಂಟಿದ ಹಿಟ್ಟು ಸೆರಗಿಗೆ ಒರೆಸಿಕೊಂಡು, ತಲೆ ಮೇಲೆ ಸೆರಗು ಸರಿಮಾಡಿಕೊಂಡು ತಮ್ಮ ಪೂರ್ತಿ ಹೆಸರು ಹೇಳಿದರು. ಎರಡನೇ ಸಲ ಇನ್ನೂ ಜೋರಾಗಿ.

ಸರ್ಕಾರದ ನೆರವು ಸಿಕ್ಕಿದ್ದು ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಅಂತ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ. ಸಾಲ ಮಾಡಿ ಹಾಕಿದ ಮಷೀನಿನ ಖರ್ಚಿನ ಮೇಲೆ ಶೇ. 35 ಸಹಾಯಧನ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಅಂದರೆ ಕೆಪೆಕ್. ಯೋಜನಾ ವರದಿ ಬರೆಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ, ಅವರಿಗೆ ಯೋಜನೆಯಿಂದಲೇ ಹಣ ಹೋಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯುತ್ತಾರೆ. ಸಹಾಯಧನ ಕೈಗೆ ಬರುವುದಿಲ್ಲ ಅನ್ನೋದೂ ನೆನಪಿರಲಿ. ಅದು ಬ್ಯಾಂಕಿನಲ್ಲೇ ಇರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ ಘಟಕ ನಡೆಸಿದರೆ ಸಾಲಕ್ಕೆ ಜಮಾ. ರೈತ ಉತ್ಪಾದಕ ಕಂಪನಿಗಳಿಗೆ ಸದಸ್ಯರೊಬ್ಬರಿಗೆ 2,000 ರೂಪಾಯಿವರೆಗೆ ಷೇರು ಅನುದಾನ ಕೊಡುವ ಯೋಜನೆಯೂ 2020ರಲ್ಲಿ ಬಂದಿದೆ. ಬಯಲುಸೀಮೆಯಲ್ಲಿ ಅದಕ್ಕೆ 300 ಸದಸ್ಯರು ಬೇಕು. ಆಮೇಲೆ ಸೇರಿದವರೂ ಸೇರಿ ನಾವಿನ್ನೂ 140 ಜನ.

ಕಂಪನಿ ಮಾಡಿದ ಮೇಲಿನ ಕೆಲಸವೇ ಜಾಸ್ತಿ. ಮೊದಲ ಸರ್ವಸದಸ್ಯರ ಸಭೆ ನೋಂದಣಿಯಾದ 90 ದಿನದೊಳಗೆ ಆಗಬೇಕು. ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರ, 60 ದಿನದೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ. ಒಂದು ಸಲ ನಾವೂ ಕಟ್ಟಿದ್ದೇವೆ. ಈಗ ಒಲೆ ಪಕ್ಕದ ಕ್ಯಾಲೆಂಡರ್‌ನಲ್ಲಿ ಆ ಎರಡು ತಾರೀಖಿಗೆ ಕುಂಕುಮ ಹಚ್ಚಿಟ್ಟಿದ್ದೇವೆ.