ಬಣ್ಣವೋ, ಕಪ್ಪು-ಬಿಳುಪೋ: ನಲವತ್ತು ಪುಟ ಎರಡು ಸಲ ಬಿಡಿಸಿದ ಮೇಲೆ

ನನ್ನ ಮೊದಲ ಉದ್ದನೆಯ ಕಾಮಿಕ್ಸ್ 40 ಪುಟದ್ದು. ಕಾಡಿನಲ್ಲಿ ದಾರಿ ತಪ್ಪಿದ ಅವಳಿ ಹುಡುಗರ ಕಥೆ. ಬಣ್ಣದಲ್ಲೇ ಮಾಡಬೇಕು ಅಂತ ತೀರ್ಮಾನಿಸಿದ್ದೆ. ತೀರ್ಮಾನ ಅನ್ನುವುದೂ ದೊಡ್ಡ ಮಾತು, ಬೇರೆ ಯೋಚನೆಯೇ ಬಂದಿರಲಿಲ್ಲ. ಬಣ್ಣ ಇದ್ದರೆ ಚೆಂದ, ಅಷ್ಟೇ. ಹತ್ತು ನಿಮಿಷ ಮೊದಲು ಹುಟ್ಟಿದವನಿಗೆ ಹಸಿರು ಅಂಗಿ ಹಾಕಿದೆ, ಆಮೇಲೆ ಹುಟ್ಟಿದವನಿಗೆ ಕೆಂಪು. ಮುಖ ಒಂದೇ ಥರ ಇದ್ದರೇನು, ಅಂಗಿ ನೋಡಿದರೆ ಯಾರು ಯಾರೆಂದು ಗೊತ್ತಾಗುತ್ತದೆ ಅಂದುಕೊಂಡೆ.

ಪೆನ್ಸಿಲ್ ಕೆಲಸ ಮುಗಿಯಿತು, ಅದರ ಮೇಲೆ ಇಂಕಿನ ಗೆರೆ ಎಳೆಯುವುದೂ ಮುಗಿಯಿತು. ಬಣ್ಣಕ್ಕೆ ಕುಳಿತಾಗ ಒಂದು ಪುಟಕ್ಕೆ ಮೂರು ದಿನ ಹಿಡಿಯತೊಡಗಿತು. ತಿಂಗಳು ಕಳೆದರೂ ಒಂಬತ್ತೇ ಪುಟ. ಕೆಲಸ ಒಪ್ಪಿಸಬೇಕಾದ ತಾರೀಖು ಹತ್ತಿರ ಬಂದಿತ್ತು. ಆಗ ಒಂದು ಉಪಾಯ ಹೊಳೆಯಿತು: ಬಣ್ಣ ತೆಗೆದುಬಿಟ್ಟರೆ ಕಪ್ಪು-ಬಿಳುಪು ಆಗುತ್ತದೆ ಅಲ್ವಾ?

ಮುಗಿದ ಒಂಬತ್ತು ಪುಟಗಳನ್ನು ಕಂಪ್ಯೂಟರಿನಲ್ಲಿ ಬೂದು ಮಾಡಿ ನೋಡಿದೆ. ಹಸಿರು ಅಂಗಿ, ಕೆಂಪು ಅಂಗಿ ಎರಡೂ ಒಂದೇ ಬೂದು! ಯಾರು ಓಡಿದ, ಯಾರು ಬಿದ್ದ, ಯಾರು ಅಳುತ್ತಿದ್ದಾನೆ, ಏನೂ ತಿಳಿಯದು. ಬಿಡಿಸಿದ ನನಗೇ ತಿಳಿಯಲಿಲ್ಲ. ಎರಡು ಬಣ್ಣಗಳ ಹೆಸರು ಬೇರೆ ಇರಬಹುದು, ಆದರೆ ತಿಳಿ-ದಟ್ಟದ ಲೆಕ್ಕದಲ್ಲಿ ಎರಡೂ ಒಂದೇ ಮೆಟ್ಟಿಲಿನ ಮೇಲೆ ಕುಳಿತಿರಬಹುದು. ಕಪ್ಪು-ಬಿಳುಪಿಗೆ ಆ ಮೆಟ್ಟಿಲು ಮಾತ್ರ ಕಾಣುತ್ತದೆ. ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆಯಿತು. ಕೆಂಪು-ಹಸಿರನ್ನು ಬೇರೆ ಮಾಡಿ ನೋಡಲಾಗದ ಓದುಗರಿದ್ದಾರೆ, ಅದರಲ್ಲಿ ಗಂಡಸರೇ ಜಾಸ್ತಿ. ಅಂದರೆ ಆ ಪುಟ ಬಣ್ಣದಲ್ಲೇ ಅಚ್ಚಾಗಿದ್ದರೂ ಕೆಲವರ ಪಾಲಿಗೆ ಹಾಗೇ ಗೊಂದಲವಾಗಿ ಇರುತ್ತಿತ್ತು.

ಬಣ್ಣ ಹಾಕದೇ ಉಳಿದ 31 ಪುಟಗಳ ಗತಿ ಇನ್ನೂ ಕೆಟ್ಟದಾಗಿತ್ತು. ಮಕ್ಕಳು ಬಣ್ಣ ತುಂಬುವ ಪುಸ್ತಕ ಇರುತ್ತದಲ್ಲ, ಥೇಟ್ ಹಾಗೆ. ತೆಳ್ಳನೆ ಗೆರೆ, ಒಳಗೆಲ್ಲ ಖಾಲಿ. ಆಕಾಶ ಖಾಲಿ, ಮರ ಖಾಲಿ, ರಾತ್ರಿಯೂ ಖಾಲಿ. ಯಾಕೆಂದರೆ ಪ್ರತಿ ಗೆರೆ ಎಳೆಯುವಾಗಲೂ ನನ್ನ ತಲೆಯಲ್ಲಿ 'ಇದನ್ನು ಬಣ್ಣ ನೋಡಿಕೊಳ್ಳುತ್ತದೆ' ಅಂತ ಇತ್ತು. ಹತ್ತಿರದ್ದು-ದೂರದ್ದು, ಹಗಲು-ರಾತ್ರಿ, ಮುಖ್ಯದ್ದು-ಅಲ್ಲದ್ದು, ಎಲ್ಲವನ್ನೂ ಬಣ್ಣದ ಪಾಲಿಗೆ ಬಿಟ್ಟಿದ್ದೆ. ಈಗ ಬಣ್ಣವೇ ಬರುವುದಿಲ್ಲ ಅಂದ ಮೇಲೆ ಆ ಕೆಲಸ ಮಾಡುವವರು ಯಾರೂ ಇರಲಿಲ್ಲ.

ತಾರೀಖು ಹೋಯಿತು. ನಲವತ್ತೂ ಪುಟ ಮತ್ತೆ ಬಿಡಿಸಿದೆ.

ಹದಿನೇಳನೇ ಪುಟದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಕಲಿತದ್ದೆಲ್ಲ ಅಲ್ಲೇ. ರಾತ್ರಿ. ಹುಡುಗರು ಒಂದು ದೊಡ್ಡ ಮರದ ಬೇರಿನ ಸಂದಿಯಲ್ಲಿ ಮುದುರಿ ಕುಳಿತಿದ್ದಾರೆ. ಮೊದಲ ಸಲ ಇಡೀ ಪುಟಕ್ಕೆ ನೀಲಿ ಬಳಿದರೆ ರಾತ್ರಿಯಾಗುತ್ತದೆ ಅಂತಿದ್ದೆ. ಎರಡನೇ ಸಲ ನೀಲಿ ಇಲ್ಲವಲ್ಲ, ಅದಕ್ಕೆ ಗೀಟು ಹಾಕಲು ಶುರು ಮಾಡಿದೆ. ಮರಕ್ಕೆ ಗೀಟು, ನೆಲಕ್ಕೆ ಗೀಟು, ಅಂಗಿಗೆ ಗೀಟು, ಗೀಟಿನ ಮೇಲೆ ಅಡ್ಡ ಗೀಟು. ಐದು ಗಂಟೆ ಕುಳಿತು ಬಗ್ಗಿ ಬಗ್ಗಿ ಎಳೆದೆ. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದರೆ ಪುಟ ಇಡೀ ಒಂದೇ ಬೂದು ಕಂಬಳಿ. ಕಣ್ಣು ನಿಲ್ಲುವ ಜಾಗವೇ ಇಲ್ಲ. ಹುಡುಗರು ಎಲ್ಲಿದ್ದಾರೆಂದು ಹುಡುಕಬೇಕಿತ್ತು.

ಬೇಸರದಿಂದ ಒಂದು ದಪ್ಪ ಮಾರ್ಕರ್ ತೆಗೆದುಕೊಂಡೆ. ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಚೌಕ ಹಾಕಿ, ಅದೇ ಚಿತ್ರವನ್ನು ಅದರೊಳಗೆ ಬಿಡಿಸಲು ನೋಡಿದೆ. ಆ ಅಳತೆಯಲ್ಲಿ ದಪ್ಪ ಮಾರ್ಕರಿನಿಂದ ಗೀಟು ಹಾಕಲು ಆಗುವುದೇ ಇಲ್ಲ. ಕಪ್ಪು ತುಂಬಬೇಕು, ಇಲ್ಲವೇ ಬಿಳಿ ಬಿಡಬೇಕು. ಕಾಡನ್ನೆಲ್ಲ ಕಪ್ಪು ಮಾಡಿದೆ. ಹುಡುಗರಿಬ್ಬರನ್ನು ಬಿಳಿ ಬಿಟ್ಟೆ. ಅಷ್ಟೇ! ಒಂದು ನಿಮಿಷದಲ್ಲಿ ರಾತ್ರಿಯಾಯಿತು, ಭಯವೂ ಬಂತು. ದೊಡ್ಡ ಪುಟದಲ್ಲಿ ಅದನ್ನೇ ಮಾಡಿದೆ. ಬ್ರಶ್ಶಿನಿಂದ ಕಪ್ಪು ತುಂಬಿ, ಒಣಗಿದ ಮೇಲೆ ನಾಲ್ಕಾರು ಎಲೆಗಳ ಅಂಚನ್ನು ಮಾತ್ರ ಬಿಳಿ ಇಂಕಿನಲ್ಲಿ ಎತ್ತಿದೆ. ಗೀಟಿಗೆ ಐದು ಗಂಟೆ ಹಿಡಿದಿತ್ತು, ಇದಕ್ಕೆ ಮುಕ್ಕಾಲು ಗಂಟೆ. ಬೇರಿನ ಸಂದಿ ಎಲ್ಲಿ ಮುಗಿಯುತ್ತದೆ, ಕತ್ತಲು ಎಲ್ಲಿ ಶುರುವಾಗುತ್ತದೆ ಅಂತ ನಾನು ಗೆರೆ ಹಾಕಲೇ ಇಲ್ಲ.

ಅಂಗಿಯ ಸಮಸ್ಯೆ ಸುಲಭದಲ್ಲೇ ಮುಗಿಯಿತು. ಒಬ್ಬನಿಗೆ ಪಟ್ಟೆ ಅಂಗಿ, ಇನ್ನೊಬ್ಬನಿಗೆ ಖಾಲಿ ಬಿಳಿ. ಕೂದಲೂ ಬೇರೆ ಮಾಡಿದೆ: ಒಬ್ಬನದು ಗುಂಗುರು, ಇನ್ನೊಬ್ಬನದು ಗಿಡ್ಡ. ಈಗ ಬರೀ ನೆರಳು ಕಂಡರೂ ಯಾರೆಂದು ಹೇಳಬಹುದಿತ್ತು. ಇದನ್ನು ಬಣ್ಣದಲ್ಲಿ ಮಾಡುವಾಗಲೇ ಮಾಡಬೇಕಿತ್ತು ನೋಡಿ. ಬಣ್ಣ ಇದೆ ಅನ್ನುವ ಧೈರ್ಯದಲ್ಲಿ ಸೋಮಾರಿಯಾಗಿದ್ದೆ.

ಬೂದು ಬಣ್ಣದ ಬಗ್ಗೆ ಒಂದು ಮಾತು. ನಡುನಡುವೆ ಸ್ವಲ್ಪ ಬೂದು ಇದ್ದರೆ ಚೆನ್ನ ಅನಿಸಿ ಕೆಲವು ಪುಟಗಳಿಗೆ ಹಾಕಿದೆ. ಕಪ್ಪು ಇಂಕ್ ಒಂದನ್ನೇ ಬಳಸಿ ಅಚ್ಚು ಹಾಕುವಾಗ ಬೂದು ಅಂತ ಬೇರೆ ಇಂಕ್ ಇರುವುದಿಲ್ಲ. ಸಣ್ಣ ಸಣ್ಣ ಕಪ್ಪು ಚುಕ್ಕಿ ಬೀಳುತ್ತವೆ, ನಮ್ಮ ಕಣ್ಣು ಅದನ್ನು ಬೂದು ಅಂತ ನಂಬುತ್ತದೆ. ಜಪಾನಿನ ಕಾಮಿಕ್ಸ್ ಆದ ಮಾಂಗಾ ಬಿಡಿಸುವ ಕಲಾವಿದರು ಹಿಂದೆ ಈ ಚುಕ್ಕಿಗಳಿರುವ ಟೋನ್ ಹಾಳೆಯನ್ನೇ ಕತ್ತರಿಸಿ ಪುಟಕ್ಕೆ ಅಂಟಿಸುತ್ತಿದ್ದರು, ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲೇ ಹಾಕುತ್ತಾರೆ. ನಾನೂ ಹಾಗೇ ಹಾಕಿದೆ. ಆಮೇಲೆ ಪುಟದ ಅಳತೆ ಸ್ವಲ್ಪ ದೊಡ್ಡದಾಯಿತೆಂದು ಇಡೀ ಚಿತ್ರವನ್ನು 93 ಪ್ರತಿಶತಕ್ಕೆ ಇಳಿಸಿದೆ. ಚುಕ್ಕಿಗಳ ಲೆಕ್ಕ ತಪ್ಪಿ, ಹುಡುಗರ ಮುಖದ ಮೇಲೆಲ್ಲ ಅಲೆ ಅಲೆಯಾದ ಪಟ್ಟೆ ಎದ್ದವು. ಅಂದಿನಿಂದ ಅಳತೆ ಪಕ್ಕಾ ಆದ ಮೇಲೇ ಟೋನ್ ಹಾಕುವುದು. ಇನ್ನೊಂದು, ಅಚ್ಚಿಗೆ ಹೋದಾಗ ತೀರಾ ತಿಳಿ ಬೂದು ಮಾಯವಾಯಿತು, ಚುಕ್ಕಿಗಳು 70 ಪ್ರತಿಶತ ಜಾಗ ತುಂಬಿದ್ದ ಬೂದು ಒರಟು ಕಾಗದದಲ್ಲಿ ಇಂಕ್ ಹರಡಿ ಕಪ್ಪೇ ಆಯಿತು. ಈಗ ಎರಡೇ ಎರಡು ಬೂದು ಇಟ್ಟುಕೊಂಡಿದ್ದೇನೆ, 20 ಮತ್ತು 45. ನಡುವಿನದ್ದು ಬೇಕೆನಿಸಿದರೆ ಚಿತ್ರದಲ್ಲೇ ಏನೋ ತಪ್ಪಿದೆ ಅಂತ ಅರ್ಥ. ಗೆರೆಗಳನ್ನು 600 ಡಿಪಿಐಗಿಂತ (ಒಂದು ಇಂಚಿಗೆ 600 ಚುಕ್ಕಿ) ಕಡಿಮೆ ಸ್ಕ್ಯಾನ್ ಮಾಡುವುದಿಲ್ಲ. ಬಣ್ಣಕ್ಕೆ 300 ಸಾಕು, ಬರೀ ಕಪ್ಪು ಗೆರೆಗೆ ಸಾಲದು, ಅಂಚು ಮಸುಕಾಗುತ್ತದೆ.

ಬೂದು ಅಂದಾಗ ಅಮೆರಿಕದ ಕಾಮಿಕ್ಸಿನ ದೈತ್ಯ ಹಲ್ಕ್ ನೆನಪಾಗುತ್ತಾನೆ. 1962ರ ಮೊದಲ ಸಂಚಿಕೆಯಲ್ಲಿ ಅವನು ಹಸಿರಲ್ಲ, ಬೂದು. ಆಗಿನ ಬಣ್ಣದ ಅಚ್ಚಿನಲ್ಲಿ ಆ ಬೂದು ಎಲ್ಲ ಪುಟದಲ್ಲೂ ಒಂದೇ ಥರ ಬರಲಿಲ್ಲ. ಎರಡನೇ ಸಂಚಿಕೆಯಿಂದ ಹಸಿರಾದ. ಅಷ್ಟು ದೊಡ್ಡ ಪಾತ್ರದ ಬಣ್ಣವನ್ನೇ ಅಚ್ಚಿನ ಯಂತ್ರ ತೀರ್ಮಾನಿಸಿತು ಅಂದ ಮೇಲೆ ನನ್ನ 70 ಪ್ರತಿಶತ ಯಾವ ಲೆಕ್ಕ!

ಎರಡನೇ ಕಥೆಯನ್ನು ಬಣ್ಣದಲ್ಲೇ ಮಾಡಿದೆ, ಈ ಸಲ ಗೊತ್ತಿದ್ದೂ ಗೊತ್ತಿದ್ದೂ. ಒಬ್ಬ ಮುದುಕಿ ತನ್ನ ಹಳೆ ಮನೆಗೆ ವಾಪಸ್ ಬರುತ್ತಾಳೆ. ಪ್ರತಿ ಕೋಣೆಯಲ್ಲೂ ಈಗಿನದ್ದು ಮತ್ತು ಹಿಂದಿನದ್ದು ಒಂದರ ಪಕ್ಕ ಒಂದು ಬರುತ್ತವೆ. ಇದನ್ನು ಕಪ್ಪು-ಬಿಳುಪಿನಲ್ಲಿ ಮಾಡಿ ನೋಡಿದೆ, ಮೂರು ಪುಟ. ಪ್ರತಿ ಚೌಕದ ಮೇಲೂ 'ಐವತ್ತು ವರ್ಷದ ಹಿಂದೆ', 'ಈಗ' ಅಂತ ಪಟ್ಟಿ ಬರೆಯಬೇಕಾಗುತ್ತಿತ್ತು. ಬಣ್ಣದಲ್ಲಾದರೆ ಈಗಿನದ್ದಕ್ಕೆ ತಣ್ಣನೆಯ ನೀಲಿ-ಬೂದು, ಹಿಂದಿನದ್ದಕ್ಕೆ ಬೆಚ್ಚನೆಯ ಹಳದಿ. ನಾಲ್ಕನೇ ಪುಟದ ಹೊತ್ತಿಗೆ ಓದುಗನಿಗೆ ಅಭ್ಯಾಸವಾಗಿರುತ್ತದೆ. ಹದಿಮೂರನೇ ಪುಟದಲ್ಲಿ ಮುದುಕಿ ಅಡುಗೆಮನೆಯ ಬಾಗಿಲು ತೆರೆಯುತ್ತಾಳೆ. ಬಾಗಿಲಿನ ಆಚೆ ಹಳದಿ, ಈಚೆ ನೀಲಿ, ಅವಳ ಕೈ ಮಾತ್ರ ಹಳದಿಯೊಳಗೆ. ಒಂದೇ ಒಂದು ಮಾತಿಲ್ಲ. ಇದು ಕಪ್ಪು-ಬಿಳುಪಿನಲ್ಲಿ ನನ್ನಿಂದ ಆಗುತ್ತಿರಲಿಲ್ಲ.

ಆದರೆ ಗೆರೆ ಬದಲಾಯಿಸಬೇಕಾಯಿತು. ಕಪ್ಪು ತುಂಬುವ ಚಟ ಆಗಲೇ ಹತ್ತಿತ್ತು. ಮೊದಲ ಎರಡು ಪುಟದಲ್ಲಿ ಅದೇ ದಟ್ಟ ಕಪ್ಪು, ಅದರ ಮೇಲೆ ಬಣ್ಣ. ಕಪ್ಪು ಮತ್ತು ಬಣ್ಣ ಎರಡೂ 'ನನ್ನನ್ನು ನೋಡು' ಅಂತ ಕೂಗಾಡಿದವು. ನೆರಳನ್ನು ಗೆರೆಯಲ್ಲೂ ಹೇಳಿ, ಬಣ್ಣದಲ್ಲೂ ಹೇಳಿದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಗೀಟು ಪೂರ್ತಿ ಬಿಟ್ಟೆ, ಕಪ್ಪನ್ನು ಕೂದಲಿಗೆ ಮತ್ತು ಕಿಟಕಿಯ ಹೊರಗಿನ ಕತ್ತಲಿಗೆ ಮಾತ್ರ ಇಟ್ಟುಕೊಂಡೆ. ಒಂದು ದೃಶ್ಯಕ್ಕೆ ಐದು ಬಣ್ಣ, ಅಷ್ಟೇ ಅಂತ ಕಟ್ಟು ಹಾಕಿಕೊಂಡೆ. ಕೆಲಸವೂ ಬೇಗ ಆಯಿತು, ಪುಟಕ್ಕೆ ಒಂದೂವರೆ ದಿನ.

ಅಚ್ಚಿಗೆ ಕೊಟ್ಟಾಗ ಮತ್ತೆ ಎಡವಿದೆ. ಪರದೆಯ ಮೇಲೆ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗಿ ಬರುತ್ತದೆ, ಇದು ಗೊತ್ತಿತ್ತು. ಪರದೆಯದು ಬೆಳಕು, ಕಾಗದದ್ದು ನಾಲ್ಕು ಇಂಕು, ಎರಡೂ ಒಂದೇ ಆಗಲು ಸಾಧ್ಯವಿಲ್ಲ. ಗೊತ್ತಿಲ್ಲದ್ದು ಅಕ್ಷರದ ವಿಷಯ. ಬಲೂನಿನ ಒಳಗಿನ ಮಾತುಗಳ ಕಪ್ಪು ಬರೀ ಕಪ್ಪು ಇಂಕಿನದ್ದಾಗಿರಬೇಕು. ನಾನು ಕಡತವನ್ನು ಪರದೆಯ ಬೆಳಕಿನ ಲೆಕ್ಕವಾದ ಆರ್‌ಜಿಬಿಯಿಂದ ನಾಲ್ಕು ಇಂಕಿನ ಲೆಕ್ಕವಾದ ಸಿಎಂವೈಕೆಗೆ ಹಾಗೇ ಬದಲಾಯಿಸಿದ್ದೆ. ಕಪ್ಪು ನಾಲ್ಕೂ ಇಂಕಿಗೆ ಹಂಚಿಹೋಗಿತ್ತು. ನಾಲ್ಕು ಇಂಕು ಕೂದಲೆಳೆಯಷ್ಟು ಅತ್ತಿತ್ತ ಆದರೂ ಸಾಕು, ಅಕ್ಷರದ ಅಂಚಿಗೆ ಗುಲಾಬಿ-ನೀಲಿ ನೆರಳು ಹತ್ತಿಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳ ಸಂದಿಯಂತೂ ಮುಚ್ಚಿಯೇ ಹೋಗಿತ್ತು. ಪುಣ್ಯಕ್ಕೆ ಅದು ಮಾದರಿ ಪ್ರತಿ. ದೊಡ್ಡ ಕಪ್ಪು ಜಾಗಕ್ಕೆ ಇದರ ಉಲ್ಟಾ: ಅಲ್ಲಿ ಒಂದೇ ಇಂಕ್ ಹಾಕಿದರೆ ಮಾಸಿದ ಹಾಗೆ ಕಾಣುತ್ತದೆ, ಸ್ವಲ್ಪ ಬೇರೆ ಇಂಕೂ ಸೇರಿದರೆ ಕಪ್ಪು ಕಪ್ಪಾಗುತ್ತದೆ.

ಮೊದಲು ಕಪ್ಪು-ಬಿಳುಪಿನಲ್ಲಿ ಮಾಡಿ ಆಮೇಲೆ ಬಣ್ಣ ಹಾಕಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು. ಅಮೆರಿಕದ ಜೆಫ್ ಸ್ಮಿತ್ ಅವರ 'ಬೋನ್' ಕಾಮಿಕ್ಸ್ 1991ರಲ್ಲಿ ಕಪ್ಪು-ಬಿಳುಪಿನಲ್ಲೇ ಶುರುವಾಗಿದ್ದು, 2005ರಿಂದ ಬಣ್ಣದ ಪುಸ್ತಕಗಳಾಗಿ ಬಂತು. ಎರಡೂ ಚೆನ್ನಾಗಿವೆ. ಆ ಗೆರೆಯಲ್ಲಿ ಗಾಳಿಯಾಡುವಷ್ಟು ಜಾಗ ಇದೆ, ಬಣ್ಣ ಹೋಗಿ ಕೂರುತ್ತದೆ. ಟಿನ್‌ಟಿನ್ ಅನ್ನುವ ಬೆಲ್ಜಿಯಂ ಕಾಮಿಕ್ಸ್ ಕೂಡ 1929ರಲ್ಲಿ ಶುರುವಾದಾಗ ಕಪ್ಪು-ಬಿಳುಪು. 1940ರ ದಶಕದಲ್ಲಿ ಬಣ್ಣಕ್ಕೆ ತರುವಾಗ ಹಳೆಯ ಕಥೆಗಳಿಗೆ ಸುಮ್ನೆ ಬಣ್ಣ ತುಂಬಲಿಲ್ಲ, 62 ಪುಟಕ್ಕೆ ಹೊಂದಿಸಿ ಮತ್ತೆ ಜೋಡಿಸಿದರು, ಎಷ್ಟೋ ಕಡೆ ಮತ್ತೆ ಬಿಡಿಸಿದರು. ನನ್ನ ಹದಿನೇಳನೇ ಪುಟಕ್ಕೆ ಬಣ್ಣ ಹಾಕು ಅಂದರೆ ಎಲ್ಲಿಗೆ ಹಾಕಲಿ? ಅಲ್ಲಿ ಜಾಗವೇ ಇಲ್ಲ. ಅದಕ್ಕೇ ಕಚ್ಚಾ ಚೌಕ ಹಾಕುವ ದಿನವೇ ಇದು ತೀರ್ಮಾನವಾಗಬೇಕು ಅಂತ ನಾನು ಹಟ ಮಾಡುವುದು.

ಗಂಭೀರ ಕಥೆಗೆ ಕಪ್ಪು-ಬಿಳುಪು, ಮಕ್ಕಳಿಗೆ ಬಣ್ಣ ಅನ್ನುವ ಮಾತೂ ಕಿವಿಗೆ ಬೀಳುತ್ತಿರುತ್ತದೆ. ನನಗೆ ಒಪ್ಪಿಗೆ ಇಲ್ಲ. ಜಪಾನಿನಲ್ಲಿ ಮಕ್ಕಳು ವಾರ ವಾರ ಓದುವ ದಪ್ಪ ಪತ್ರಿಕೆಗಳು ಬಹುಪಾಲು ಕಪ್ಪು-ಬಿಳುಪೇ, ಮೊದಲ ಕೆಲವು ಪುಟಕ್ಕೆ ಬಣ್ಣ ಇದ್ದರೆ ಇತ್ತು.

ಒಂದೇ ಒಂದು ಬಣ್ಣ ಸೇರಿಸುವ ಆಟವನ್ನೂ ಆಡಿದ್ದೇನೆ. ಜ್ವರ ಬಂದ ಹುಡುಗನ 24 ಪುಟದ ಕಥೆ, ಕಪ್ಪಿನ ಜೊತೆ ಒಂದು ಮಂಕು ಕಿತ್ತಳೆ. ಮೊದಲ ಕರಡಿನಲ್ಲಿ ಆಸೆಬುರುಕನ ಹಾಗೆ ಪ್ರತಿ ಚೌಕಕ್ಕೂ ಹಾಕಿದ್ದೆ. ಜ್ವರ ಯಾವುದು, ದೀಪ ಯಾವುದು, ಹೊದಿಕೆ ಯಾವುದು, ಎಲ್ಲ ಕಿತ್ತಳೆ. ತೆಗೆಯುತ್ತಾ ಹೋದೆ. ಕೊನೆಗೆ ಹನ್ನೊಂದು ಚೌಕದಲ್ಲಿ ಮಾತ್ರ ಉಳಿಯಿತು, ಅವನ ಮೈ ಬಿಸಿ ಇರುವಲ್ಲಿ. ಅಂದಹಾಗೆ, ಕಪ್ಪು ಮಳೆಯಲ್ಲಿ ಒಂದೇ ಒಂದು ಕೆಂಪು ಛತ್ರಿ ಬಿಡಿಸುವುದನ್ನು ಎಲ್ಲರೂ ಸೇರಿ ಹತ್ತು ವರ್ಷ ನಿಲ್ಲಿಸಿದರೆ ಒಳ್ಳೆಯದು. ನಾನೂ ಒಂದು ಬಿಡಿಸಿದ್ದೇನೆ, ಆದ್ದರಿಂದ ಹೇಳುವ ಹಕ್ಕಿದೆ.

ಈಗ ಹೊಸ ಕಥೆ ಶುರು ಮಾಡುವಾಗ ಮೊದಲ ಪುಟ ಬಿಡಿಸುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಪುಟ ಯಾವುದೋ ಅದನ್ನು ಹುಡುಕುತ್ತೇನೆ. ಜನ ಜಾಸ್ತಿ ಇರುವುದೋ, ಕತ್ತಲೋ, ಎರಡು ಕಾಲ ಬೆರೆಯುವುದೋ. ಅದನ್ನು ಬೆಂಕಿಪೆಟ್ಟಿಗೆ ಅಳತೆಯಲ್ಲಿ ಬರೀ ಕಪ್ಪಿನಲ್ಲಿ ಒಮ್ಮೆ, ನಾಲ್ಕು ಬಣ್ಣದಲ್ಲಿ ಒಮ್ಮೆ ಮಾಡುತ್ತೇನೆ. ಎರಡು ದಿನ ಅದರ ಕಡೆ ತಲೆ ಹಾಕುವುದಿಲ್ಲ. ಆಮೇಲೆ ನೋಡಿದಾಗ, ಮಾತು ಓದದೆ ಏನು ನಡೆಯುತ್ತಿದೆ ಅಂತ ಯಾವುದರಲ್ಲಿ ತಿಳಿಯುತ್ತದೋ ಅದು. ಜೊತೆಗೆ ನನ್ನ ದಿನಗಳನ್ನು ಎಣಿಸುತ್ತೇನೆ. ಅರವತ್ತು ಪುಟದ ಕಥೆಗೆ ಬಣ್ಣ ಅಂದರೆ ಬರೀ ಅದಕ್ಕೇ ಮೂರು ತಿಂಗಳು. ಅಷ್ಟು ದಿನ ಅದೇ ಕಥೆಯ ಜೊತೆ ಕೂರುವ ಪ್ರೀತಿ ಇಲ್ಲದಿದ್ದರೆ ಕಪ್ಪು-ಬಿಳುಪಿಗೇ ಮನಸ್ಸು ಮಾಡುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ. ಓದುವುದು ಫೋನಿನಲ್ಲಾದರೆ ಬಣ್ಣಕ್ಕೆ ಇಂಕಿನ ಖರ್ಚಿಲ್ಲ, ನಿಜ. ದಿನಗಳು ಮಾತ್ರ ಅಷ್ಟೇ ಹಿಡಿಯುತ್ತವೆ.

ಸದ್ಯ ಕೈಯಲ್ಲಿರುವುದು ಗೋಡೆಗೆ ಬಣ್ಣ ಬಳಿಯುವವನ ಕಥೆ. ಇದಕ್ಕೆ ಬೆಂಕಿಪೆಟ್ಟಿಗೆ ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ ಅಂದುಕೊಂಡಿದ್ದೆ. ಆದರೂ ಅಭ್ಯಾಸ ಬಿಡಲಿಲ್ಲ, ಮಾಡಿದೆ. ಕಪ್ಪು-ಬಿಳುಪಿನದ್ದೇ ಚೆನ್ನಾಗಿ ಬಂದಿದೆ. ಏಣಿಯ ಮೇಲೆ ಅವನು, ಹಿಂದೆ ಅರ್ಧ ಕಪ್ಪು ಅರ್ಧ ಬಿಳಿ ಗೋಡೆ. ಮೇಜಿನ ಮೇಲೆ ಎರಡೂ ಚೌಕ ಅಕ್ಕಪಕ್ಕ ಅಂಟಿಸಿಟ್ಟು ಇವತ್ತಿಗೆ ಆರು ದಿನ ಆಯಿತು.