ಮೂಡಿಗೆರೆಯಲ್ಲಿ ಕಡಲ ಮೀನು ಮಾರುವುದು: ನನ್ನ ಅನುಭವ

ಘಟ್ಟದ ಮೇಲೆ ಮೀನಂಗಡಿ ಇಟ್ಟವನ ಲಾಭ-ನಷ್ಟ ಐಸಿನಲ್ಲಿದೆ. ಮಂಗಳೂರಿನ ಮೀನು ಬಂದರು ಧಕ್ಕೆಯಲ್ಲೋ ಮಲ್ಪೆ ಬಂದರಲ್ಲೋ ಬೆಳಗಿನ ಏಲಂನಲ್ಲಿ ಹಿಡಿದ ಮಾಲು ಕೆಡುವುದು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅಲ್ಲ, ಅದಕ್ಕೂ ಮೊದಲು, ಘಟ್ಟದ ಕೆಳಗೆ ಉಜಿರೆವರೆಗಿನ ಸೆಕೆಯಲ್ಲಿ. ಘಟ್ಟ ಹತ್ತಿದ ಮೇಲಿನ ಕೊಟ್ಟಿಗೆಹಾರದ ಚಳಿ ಆಮೇಲೆ ಸಿಕ್ಕಿ ಏನೂ ಪ್ರಯೋಜನವಿಲ್ಲ.

ಕಿಲೋ ಮೀನಿಗೆ ಕಿಲೋ ಐಸ್, ನನ್ನ ಲೆಕ್ಕ ಇಷ್ಟೇ. ಅದೂ ಪುಡಿ ಐಸ್. ಗಡ್ಡೆ ಹಾಕಿದರೆ ಬಂಗುಡೆಯ ಹೊಟ್ಟೆ ಒತ್ತಿ ಒಡೆಯುತ್ತದೆ, ಸಂದಿಯಲ್ಲಿರುವ ಮೀನಿಗೆ ತಂಪೂ ತಾಗುವುದಿಲ್ಲ. ಬಾಕ್ಸಿನ ತಳಕ್ಕೆ ಎರಡು ಇಂಚು ಐಸ್, ಮೇಲೆ ಒಂದು ವರಸೆ ಮೀನು, ಮತ್ತೆ ಐಸ್, ಕೊನೆಯ ಪದರ ದಪ್ಪ. ಬೂತಾಯಿಯನ್ನು (ಸಾರ್ಡೀನ್) ಬಾಕ್ಸ್ ತುಂಬ ಒತ್ತಿ ತುಂಬಬಾರದು, ಅಡಿಯದ್ದು ಜಜ್ಜಿಹೋಗುತ್ತದೆ. ತಳದಲ್ಲಿ ನೀರು ಹೋಗಲು ತೂತು ಇರಲೇಬೇಕು. ಕರಗಿದ ನೀರಲ್ಲಿ ನೆಂದ ಮೀನಿನ ಕಣ್ಣು ಬೆಳ್ಳಗಾಗುತ್ತದೆ, ಮಾಂಸ ಸಡಿಲವಾಗುತ್ತದೆ. ಗಿರಾಕಿ ಮೊದಲು ಕಿವಿರು ಎತ್ತಿ ನೋಡುತ್ತಾನೆ, ಕೆಂಪು ಇಲ್ಲದಿದ್ದರೆ ಮಾತೇ ಇಲ್ಲ.

ಬಂಗುಡೆ, ಬೂತಾಯಿ, ಕೇದಾರ (ಟ್ಯೂನಾ) ಇವುಗಳಿಗೆ ಇನ್ನೊಂದು ಕಾಟ. ತಂಪು ತಪ್ಪಿದರೆ ಅವುಗಳಲ್ಲಿ ಹಿಸ್ಟಮಿನ್ ಅನ್ನುವ ನಂಜಿನ ವಸ್ತು ಹುಟ್ಟುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು. ಜನ ಅದನ್ನು ‘ಮೀನಿನ ನಂಜು’ ಅಂತ ಮೀನಿನ ಮೇಲೆ ಹಾಕುತ್ತಾರೆ. ತಪ್ಪು ಐಸಿನದು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ಸಿಗುವುದು ನಾಡದೋಣಿಯವರ ಅಷ್ಟಿಷ್ಟು ಮೀನು, ದರ ಕೇಳುವ ಹಾಗಿಲ್ಲ. ತಮಿಳುನಾಡಿನ ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆ ಕಡೆಯ ಮಾಲು ಬರುತ್ತದೆ, ಆದರೆ ದಾರಿ ದೂರ, ಐಸನ್ನು ನಡುವೆ ಮತ್ತೆ ತುಂಬಿಸಿದ್ದಾರಾ ಅಂತ ಕೇಳಿಯೇ ಇಳಿಸಿಕೊಳ್ಳಬೇಕು. ಮಳೆಗೆ ಘಾಟಿಯಲ್ಲಿ ಗುಡ್ಡ ಜರಿದು ಗಾಡಿ ನಿಂತರಂತೂ ಇಡೀ ಲೋಡಿನ ಚಿಂತೆ. ಆ ಎರಡು ತಿಂಗಳು ತೋಟದ ಲೈನುಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಓಡುವುದು ಒಣಮೀನೇ.

ಆ ಒಣಮೀನನ್ನು ಮೇ ತಿಂಗಳಲ್ಲೇ ಮಾಡಿಡಬೇಕು. ಉಳಿದ ಮೀನಿನ ಬೆನ್ನು ಸೀಳಿ, ಕರುಳು ಕಿವಿರು ತೆಗೆದು ತೊಳೆದು, ನಾಲ್ಕು ಕಿಲೋಗೆ ಒಂದು ಕಿಲೋ ಕಲ್ಲುಪ್ಪು ತಿಕ್ಕಿ, ಮೇಲೆ ಭಾರ ಹೇರಿ ಒಂದು ದಿನ ಇಡುತ್ತೇವೆ. ಆಮೇಲೆ ನೆಲಕ್ಕೆ ಹಾಕದೆ ಎತ್ತರದ ಬಲೆಯ ಮೇಲೆ ಬಿಸಿಲು. ಬೆರಳಲ್ಲಿ ಒತ್ತಿದರೆ ಗುಳಿ ಬೀಳಬಾರದು. ಅರೆಬರೆ ಒಣಗಿದ್ದನ್ನು ಗೋಣಿಯಲ್ಲಿ ಕಟ್ಟಿದರೆ ಮಲೆನಾಡಿನ ಥಂಡಿಗೆ ಬೂಷ್ಟು ಖಂಡಿತ, ಅದಕ್ಕೆ ನಾನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಇಡುವುದು. ಕಿವಿರು ಕಂದಿದ ಮೀನನ್ನು ಮಾತ್ರ ಉಪ್ಪಿಗೆ ಹಾಕಬೇಡಿ, ಹಿಸ್ಟಮಿನ್ ಉಪ್ಪಿಗೂ ಜಗ್ಗುವುದಿಲ್ಲ.